ನೀರು, ಸೌದೆ: ಖಾತೆಗೆ ಬಾರದ ಎರಡು ಬಾಬ್ತುಗಳು

ರಾಮನಗರದ ಯಾವುದೇ ಸಾಧಾರಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ, ಗೂಡಿನ ಖರೀದಿ ಲಾಟಿನ ಪ್ರಕಾರ ಪೈಸೆ ಸಮೇತ ನಮೂದಾಗಿರುತ್ತದೆ. ಕೂಲಿಯ ಬಟವಾಡೆಯೂ ವಾರವಾರಕ್ಕೆ ಬರೆದಿರುತ್ತದೆ. ಸೌದೆಯ ವೆಚ್ಚ ಮಾತ್ರ ‘ಇತರೆ ಖರ್ಚು’ಗಳಲ್ಲಿ ಕರಗಿಹೋಗಿರುತ್ತದೆ, ನೀರಂತೂ ಎಲ್ಲಿಯೂ ಕಾಣುವುದಿಲ್ಲ. ಕೊಳವೆಬಾವಿಯ ನೀರಿಗೆ ಬೆಲೆಯಿಲ್ಲವೆಂಬುದು ವಾಡಿಕೆಯ ನಂಬಿಕೆ. ಆದರೆ ಮೋಟಾರಿನ ವಿದ್ಯುತ್ ಬಿಲ್ಲು, ಬೇಸಿಗೆಯ ಟ್ಯಾಂಕರ್ ಬಾಡಿಗೆ, ಬತ್ತಿದ ಬಾವಿಯ ಬದಲಿಗೆ ಇನ್ನಷ್ಟು ಆಳಕ್ಕೆ ಕೊರೆಸಿದ ಹೊಸ ಬಾವಿಯ ವೆಚ್ಚ, ಗಡಸು ನೀರಿನಿಂದ ಹೊಳಪು ಕುಂದಿದ ನೂಲಿಗೆ ಕಡಿಮೆ ಸಿಕ್ಕ ದರ ಇವೆಲ್ಲವೂ ನೀರಿನ ಬೆಲೆಯೇ. ಅವು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಚದುರಿರುವುದರಿಂದ ಉದ್ಯಮಿಯ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ನಗರಗಳ ನೀರು ಮತ್ತು ಇಂಧನ ವ್ಯವಸ್ಥೆಯ ಬಗೆಗಿನ ಸಂಶೋಧನೆಯೆಂದರೆ ಅದು ಬೆಂಗಳೂರಿನ ವಿಚಾರ ಎಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವರ್ತಕರು ಪುಟ ಮಗುಚಿಬಿಡುವುದುಂಟು. ವಾಸ್ತವದಲ್ಲಿ ಇಂತಹ ಮಹತ್ವದ ಅಧ್ಯಯನವೊಂದು ನಡೆದಿರುವುದು ಈ ಜಿಲ್ಲೆಯ ಜೀವನದಿಯಾದ ಅರ್ಕಾವತಿಯ ಮೇಲೆಯೇ. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿ 1933ರಲ್ಲಿ ನಿರ್ಮಾಣಗೊಂಡ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ದಾಟಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ, ರಾಮನಗರ, ಕನಕಪುರಗಳ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ತಿಪ್ಪಗೊಂಡನಹಳ್ಳಿಗೆ ಒಳಹರಿವು ಏಕೆ ಕುಸಿಯಿತೆಂಬ ಪ್ರಶ್ನೆಯನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಕೈಗೆತ್ತಿಕೊಂಡು 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಮಳೆ ಕಡಿಮೆಯಾದದ್ದೇ ಕಾರಣವೆಂಬ ಸಾಮಾನ್ಯ ತಿಳಿವಳಿಕೆಗೆ ಅದರಲ್ಲಿ ಆಧಾರ ದೊರೆಯಲಿಲ್ಲ. ಅಂತರ್ಜಲದ ಮಿತಿಮೀರಿದ ಬಳಕೆ, ನೀಲಗಿರಿ ತೋಪುಗಳು, ಸ್ವಲ್ಪ ಮಟ್ಟಿಗೆ ಹಳ್ಳಗಳಿಗೆ ಅಡ್ಡಲಾಗಿ ಎದ್ದ ಒಡ್ಡುಗಳು ಮುಖ್ಯ ಕಾರಣಗಳೆಂದು ಅವರು ಕಂಡುಕೊಂಡರು.

ವ್ಯಾಪಾರಸ್ಥನ ಭಾಷೆಯಲ್ಲಿ ಇದರ ಅರ್ಥ ಇಷ್ಟೆ: ಮುಂದಿನ ವರ್ಷ ಮಳೆ ಚೆನ್ನಾದರೆ ಎಲ್ಲ ಸರಿಹೋದೀತೆಂದು ಕಾಯುವುದಕ್ಕೆ ಆಧಾರವಿಲ್ಲ. (ನದಿಯ ಮೇಲ್ಭಾಗದ ನೀಲಗಿರಿಯೇ ಸೌದೆಯಾಗಿ ಒಲೆಗೆ ಬಂದರಂತೂ ಒಂದೇ ಮರ ಒಬ್ಬನೇ ಉದ್ಯಮಿಯ ಪುಸ್ತಕದಲ್ಲಿ ಎರಡು ಕಡೆ ಖರ್ಚು ಬರೆಸಿದಂತಾಯಿತು.)

ಇನ್ನೊಂದು ಕಡೆ ಕಾವೇರಿಯ ನೀರು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಪಂಪು ಕೇಂದ್ರಗಳ ಮೂಲಕ ಹಂತಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಅದು ರಾಜಧಾನಿಯನ್ನು ತಲುಪುತ್ತದೆ. ಹಿಂದೆ ದಿನಕ್ಕೆ 145 ಕೋಟಿ ಲೀಟರ್ ಇದ್ದ ಪೂರೈಕೆಗೆ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೆಯ ಹಂತದಿಂದ ಇನ್ನೂ 77.5 ಕೋಟಿ ಲೀಟರ್ ಸೇರಿತು. ಹೀಗೆ ಅಪಾರ ವಿದ್ಯುತ್ ವ್ಯಯಿಸಿ ಏರಿಸಿದ ನೀರಿನಲ್ಲಿ ಒಂದು ದೊಡ್ಡ ಪಾಲು ಬಳಕೆಯಾದ ಮೇಲೆ ವೃಷಭಾವತಿಯಲ್ಲಿ ಇಳಿದು ಬಿಡದಿ ಸಮೀಪದ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ ಬರುತ್ತದೆ. 2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಮರುನಾಮಕರಣಗೊಂಡ ಜಿಲ್ಲೆಗೆ ಶುದ್ಧ ನೀರಿನ ಕೊಳವೆ ಕಾಣಲಿಕ್ಕೆ, ಕೊಳಚೆ ಉಣ್ಣಲಿಕ್ಕೆ ಎಂಬಂತಾಗಿದೆ.

ಈ ಬಗ್ಗೆ ಮನವಿಪತ್ರಗಳು ಸಾಕಷ್ಟು ಸಲ್ಲಿಕೆಯಾಗಿವೆ. ಅವುಗಳಿಗಿಂತ ಉಪಯುಕ್ತವಾದದ್ದು ಆ ನೀರನ್ನು ಸರಕಾಗಿ ಕಾಣುವುದು. ಯಲಹಂಕದಲ್ಲಿ ಮೂರನೆಯ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ವಿಮಾನ ನಿಲ್ದಾಣಕ್ಕೂ ರೈಲು ಗಾಲಿ ಕಾರ್ಖಾನೆಗೂ ಒದಗಿಸಿದ ನಿದರ್ಶನ ಕಣ್ಣೆದುರಿಗಿದೆ. ಬಿಡದಿ, ಹಾರೋಹಳ್ಳಿಗಳ ಸಣ್ಣ ಕಾರ್ಖಾನೆಗಳು, ಕಲ್ಲು ಕೊಯ್ಯುವ ಘಟಕಗಳು ಇದೇ ಮಾದರಿಯಲ್ಲಿ ದರ ನಿಗದಿಗೆ ಆಗ್ರಹಿಸಬಹುದು. ಆದರೆ ಎರಡನೆಯ ಹಂತದಲ್ಲಿಯೇ ಶುದ್ಧೀಕರಣ ನಿಲ್ಲಿಸಿದ ನೀರನ್ನು ಒಪ್ಪಿಕೊಳ್ಳಬಾರದು. ಗೂಡು ಬೇಯಿಸುವ ಬೇಸಿನ್ನಿಗಂತೂ ಪರೀಕ್ಷಾ ವರದಿಯಿಲ್ಲದ ಯಾವ ನೀರನ್ನೂ ಬಿಡಬಾರದು.

ಇನ್ನು ಶಾಖದ ವಿಚಾರ. 1990ರ ದಶಕದಲ್ಲಿ ಟೆರಿ ಸಂಸ್ಥೆ ಸ್ವಿಟ್ಜರ್ಲೆಂಡಿನ ನೆರವಿನಿಂದ ಬಿಚ್ಚಾಣಿಕೆ ಘಟಕಗಳಿಗಾಗಿ ಸೌದೆಯಿಂದ ಅನಿಲ ಉತ್ಪಾದಿಸಿ ಉರಿಸುವ ಒಲೆಯನ್ನು ರೂಪಿಸಿತು. ಸೌದೆಯ ಬಳಕೆ ಗಣನೀಯವಾಗಿ ಇಳಿಯಿತು, ಹೊಗೆ ತಗ್ಗಿತು. ಆದರೂ ಅದು ಮನೆಮಾತಾಗಲಿಲ್ಲ. ರೀಲರುಗಳು ಹಳೆಯದನ್ನು ಬಿಡುವುದಿಲ್ಲವೆಂದು ದೂರುವುದು ಸುಲಭ. ಸೌದೆಯನ್ನು ಸಣ್ಣ ತುಂಡುಗಳಾಗಿ ಕಡಿಯುವ ಕೂಲಿ, ಯಂತ್ರ ನಿಂತ ದಿನ ಬೆಂದೂ ಬೇಯದ ಗೂಡಿನ ನಷ್ಟ, ಇವನ್ನು ಭರಿಸುವವನು ಅವನೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೌರ ನೀರು ಕಾಯಿಸುವ ಸಾಧನದ ಲೆಕ್ಕ ಇದಕ್ಕಿಂತ ಸರಳ. 25 ಡಿಗ್ರಿಯ ನೀರನ್ನು 95ಕ್ಕೆ ಏರಿಸಬೇಕಾದಲ್ಲಿ, 60ರವರೆಗೆ ಬಿಸಿಲೇ ಏರಿಸಿದರೆ ನೀರು ಕಾಯಿಸುವ ಕೆಲಸದಲ್ಲಿ ಅರ್ಧ ಮುಗಿಯಿತು. ಕುದಿಯನ್ನು ದಿನವಿಡೀ ಕಾಯ್ದುಕೊಳ್ಳಲು ಸೌದೆ ಬೇಕೇ ಬೇಕು. ಆದ್ದರಿಂದ ಒಟ್ಟು ಸೌದೆಯಲ್ಲಿ ಅರ್ಧ ಉಳಿತಾಯವೆಂದು ಮಾರಾಟಗಾರರು ಹೇಳಿದರೆ ನಂಬಬೇಕಾಗಿಲ್ಲ.

ತೆರಿಗೆಯ ಉತ್ತೇಜನಗಳ ಬಗ್ಗೆಯೂ ಭ್ರಮೆ ಬೇಡ. ಸೌರ ಸಾಧನಗಳ ಮೇಲೆ ಶೇ 80ರಷ್ಟಿದ್ದ ಸವಕಳಿ 2017ರ ಏಪ್ರಿಲ್‌ನಿಂದ ಶೇ 40ಕ್ಕೆ ಇಳಿಯಿತು. ಅದೂ ಪೂರ್ಣ ಲೆಕ್ಕಪತ್ರ ಇಡುವವರಿಗೆ ಮಾತ್ರ ದಕ್ಕುವಂಥದು. ವಹಿವಾಟಿನ ಮೇಲೆ ಶೇ 6 ಅಥವಾ 8ರಂತೆ ಅಂದಾಜು ಲಾಭ ತೋರಿಸುವ ಸಣ್ಣ ಉದ್ಯಮಿಗೆ ಸವಕಳಿ ಅದರೊಳಗೇ ಸೇರಿಹೋಗಿದೆಯೆಂದು ಕಾನೂನು ಭಾವಿಸುತ್ತದೆ. ಗೂಡು ಮತ್ತು ಕಚ್ಚಾ ರೇಷ್ಮೆಗೆ ಜಿಎಸ್‌ಟಿ ಇಲ್ಲದಿರುವುದರಿಂದ ರೀಲರು ಸಾಧನದ ಮೇಲೆ ತೆತ್ತ ತೆರಿಗೆ ಮರಳಿ ದೊರೆಯುವುದಿಲ್ಲ. ಹೀಗಾಗಿ 2025ರ ಸೆಪ್ಟೆಂಬರ್ 22ರಿಂದ ಸೌರ ನೀರು ಕಾಯಿಸುವ ಸಾಧನದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಅವರಿಗೆ ನೇರ ಲಾಭ: ಒಂದು ಲಕ್ಷ ರೂಪಾಯಿಯ ಸಾಧನಕ್ಕೆ 7,000 ರೂಪಾಯಿ.

ಚನ್ನಪಟ್ಟಣದ ಬೊಂಬೆ ತಯಾರಕರ ಸಮಸ್ಯೆ ಬೇರೆ. ಚರಕಿ ತಿರುಗುವುದು ವಿದ್ಯುತ್ತಿನಿಂದ, ಅರಗು ಕರಗುವುದು ತಿಕ್ಕಾಟದ ಬಿಸಿಯಿಂದ. ಅವರಿಗೆ ನೀರಿಗಿಂತ ಛಾವಣಿಯ ಸೌರಫಲಕ ಪ್ರಸ್ತುತ.

ಸಂಘ ಮೊದಲು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ನಾಲ್ಕು ಪಟ್ಟಣಗಳಿಂದ ಹತ್ತು ಘಟಕಗಳನ್ನು ಆರಿಸಿ, ನೀರಿನ ಮೀಟರು ಅಳವಡಿಸಿ, ತೂಕ ಹಾಕಿ ಸೌದೆ ಇಳಿಸಿಕೊಂಡು, ಒಂದು ಕಿಲೋ ನೂಲಿಗೆ ಎಷ್ಟು ಲೀಟರ್, ಎಷ್ಟು ಕಿಲೋ ಎಂಬುದನ್ನು ಒಂದು ವರ್ಷ ಪ್ರತ್ಯೇಕ ಖಾತೆಯಲ್ಲಿ ಬರೆಸಬೇಕು. ಶುದ್ಧೀಕರಿಸಿದ ನೀರಿನ ದರ ಕೇಳಲು ಹೋದಾಗ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಬೇಕು ಎಂಬುದು. ಅದಕ್ಕೆ ಉತ್ತರ ಸದ್ಯ ಯಾವ ಸದಸ್ಯರ ಪುಸ್ತಕದಲ್ಲಿಯೂ ಸಿಗುವಂತಿಲ್ಲ.