ನೆಲ ನೋಡಿ ಬೀಜ, ಚರ್ಮ ನೋಡಿ ಕ್ರೀಮು

ಬಿಸಿಲಿಗೆ ಮುಖಕ್ಕೆ ಹಚ್ಚೋ ಸನ್‌ಸ್ಕ್ರೀನ್ ಈಗ ಹೋಬಳಿ ಊರಿನ ಮೆಡಿಕಲ್ ಸ್ಟೋರಲ್ಲೂ ಸಿಗುತ್ತೆ. ಅದನ್ನು ಕೊಳ್ಳೋರು ಯಾರು ಅಂತ ಸ್ವಲ್ಪ ಗಮನಿಸಿ. ಕಾಲೇಜಿಗೆ ಹೋಗೋ ಮಕ್ಕಳು, ಬ್ಯಾಂಕಿನವರು, ಮೇಷ್ಟ್ರುಗಳು. ಇವರೆಲ್ಲ ದಿನದ ಹೆಚ್ಚು ಹೊತ್ತು ನೆರಳಲ್ಲಿ ಇರೋರು. ಬೆಳಗ್ಗೆ ಹೊಲಕ್ಕಿಳಿದರೆ ಹೊತ್ತು ಇಳಿಯೋವರೆಗೂ ಬಿಸಿಲು ಕುಡಿಯೋ ನಾವು ಅದರ ಸುದ್ದಿಗೇ ಹೋಗಲ್ಲ. ಯಾರಾದರೂ ಹಚ್ಚಿಕೊಂಡರೆ "ಏನ್ ಯಜಮಾನ್ರೇ, ಇನ್ನೊಂದು ಮದುವೆನಾ?" ಅಂತ ನಗ್ತಾರೆ. ಹೆಣ್ಮಕ್ಕಳಾದರೆ ಮಾತು ಇನ್ನೂ ಖಾರ.

ನನ್ನ ಅಭಿಪ್ರಾಯ ಇಷ್ಟೆ. ಬಿಸಿಲಲ್ಲಿ ದುಡಿಯೋರಿಗೆ ಇದು ಕುಡುಗೋಲು, ಕೆರದ ಹಾಗೆ ಕೆಲಸದ ಸಾಮಾನು. ಕೆರ ಕೊಳ್ಳುವಾಗ ಕಾಲಿನ ಅಳತೆ ನೋಡ್ತೀವಿ. ಬೀಜ ಕೊಳ್ಳುವಾಗ ನೆಲ ನೋಡ್ತೀವಿ. ಎರೆಗೆ ಹೊಂದಿದ್ದು ಮಸಾರಿಗೆ ಹೊಂದಲ್ಲ. ಈ ಕ್ರೀಮನ್ನೂ ಹಾಗೇ, ಟಿವಿಯಲ್ಲಿ ಬರೋ ಮುಖ ನೋಡಿ ಕೊಳ್ಳದೆ ನಮ್ಮ ಚರ್ಮ ನೋಡಿ ಕೊಳ್ಳಬೇಕು.

ಕಪ್ಪು ಚರ್ಮಕ್ಕೆ ಯಾಕೆ?

"ನಮ್ದು ಮೊದಲೇ ಕರಿ ಮೈ, ಇನ್ನೇನು ಸುಡುತ್ತೆ?" ಅನ್ನೋರಿದ್ದಾರೆ. ಅರ್ಧ ನಿಜ. ನಮ್ಮ ಚರ್ಮದ ಕಪ್ಪು ಬಣ್ಣ, ಅಂದರೆ ಮೆಲನಿನ್, ಒಂದಷ್ಟು ಬಿಸಿಲನ್ನು ತಡೆಯುತ್ತೆ. ಬಿಳಿಯರಿಗೆ ಬರುವಷ್ಟು ಚರ್ಮದ ಕ್ಯಾನ್ಸರ್ ನಮಗೆ ಬರಲ್ಲ. ಆದರೆ ಬಂಗು? ಕೆನ್ನೆ, ಹಣೆ, ಮೂಗಿನ ಮೇಲೆ ಕಂದು ಚಿತ್ತಾರದ ಹಾಗೆ ಹರಡೋ ಬಂಗು ನಮ್ಮಂಥ ಕಂದು ಚರ್ಮದವರಿಗೇ ಜಾಸ್ತಿ, ಅದರಲ್ಲೂ ಹೆಂಗಸರಿಗೆ. ಬಸುರಿನಲ್ಲಿ ಬರುತ್ತೆ, ಗರ್ಭ ತಡೆಯೋ ಮಾತ್ರೆ ನುಂಗಿದಾಗ ಬರುತ್ತೆ, ಬಿಸಿಲು ಅದನ್ನು ಏರಿಸುತ್ತೆ. ಕಳೆ ತೆಗೆಯೋದು, ನಾಟಿ, ಬಿಡಿಸೋದು ಹೆಚ್ಚಾಗಿ ಹೆಣ್ಮಕ್ಕಳ ಕೆಲಸ. ಬಂಗು ಬಂದ ಮೇಲೆ ಮಾತು ಕೇಳೋರೂ ಅವರೇ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಎರಡು ಬಗೆ. ಯುವಿ-ಬಿ ಅನ್ನೋದು ಮೇಲಿನ ಚರ್ಮ ಸುಡುತ್ತೆ. ಯುವಿ-ಎ ಅನ್ನೋದು ಒಳಕ್ಕಿಳಿದು ಚರ್ಮ ಸುಕ್ಕು ಮಾಡುತ್ತೆ, ಕಲೆ ಏರಿಸುತ್ತೆ. ಅದು ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುತ್ತೆ. ಇವೆರಡೂ ಸೆಖೆಯ ಲೆಕ್ಕಕ್ಕೆ ಸಿಗಲ್ಲ. ಮೋಡ ಕವಿದು ಗಾಳಿ ತಣ್ಣಗಿದ್ದರೂ ಕಿರಣ ಇಳಿದು ಬರ್ತಾ ಇರುತ್ತೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲು ಸೂರ್ಯ ನೆತ್ತಿಯ ಮೇಲೇ ಬರ್ತಾನೆ, ನೆಟ್ಟ ಕಂಬದ ನೆರಳು ಬುಡದಲ್ಲೇ ಅಡಗುತ್ತೆ. ಅಂದರೆ ಶೇಂಗಾ ಹೊಲದಲ್ಲಿ ಕಳೆ ತೆಗೆಯೋ ಕಾಲಕ್ಕೂ ಸೂರ್ಯ ಬೇಸಿಗೆಯಷ್ಟೇ ನೇರ ಇರ್ತಾನೆ. "ಮಳೆಗಾಲ, ಬಿಸಿಲಿಲ್ಲ" ಅಂತ ನಂಬಬೇಡಿ.

ಇದಕ್ಕೆ ಗಡಿಯಾರ ಬೇಡ, ನೆರಳು ಸಾಕು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಜೋರಾಗಿದೆ ಅಂತ ತಿಳೀರಿ.

ಮೊದಲು ಬಟ್ಟೆ

ಕ್ರೀಮಿನ ಮಾತಿಗೆ ಮುಂಚೆ ಇದೊಂದು ಹೇಳಲೇಬೇಕು. ಒತ್ತಾಗಿ ನೇಯ್ದ ಟವಲು, ತುಂಬು ತೋಳಿನ ಅಂಗಿ, ಸುತ್ತ ಅಂಚಿರೋ ಟೋಪಿ, ಇವಕ್ಕೆ ಸಮ ಯಾವ ಕ್ರೀಮೂ ಇಲ್ಲ. ಬೆವರಿಗೆ ಕರಗಲ್ಲ, ಎರಡು ಗಂಟೆಗೊಮ್ಮೆ ಹಚ್ಚೋ ಗೊಡವೆ ಇಲ್ಲ, ವರ್ಷಗಟ್ಟಲೆ ಬರುತ್ತೆ. ಹುಡುಗರು ಹಾಕೋ ಕ್ರಿಕೆಟ್ ಕ್ಯಾಪು ಹಣೆಗಷ್ಟೇ ನೆರಳು ಕೊಡುತ್ತೆ, ಕಿವಿ ಕತ್ತು ಬಯಲು. ಹತ್ತರಿಂದ ನಾಲ್ಕರ ನಡುವಿನ ಕೆಲಸ ಎಷ್ಟು ಕಡಿಮೆ ಮಾಡ್ತೀವೋ ಅಷ್ಟು ಒಳ್ಳೇದು. ಬಟ್ಟೆ ಮುಚ್ಚದ ಮೂಗು, ಕೆನ್ನೆ, ಕತ್ತು, ಇಷ್ಟಕ್ಕೆ ಕ್ರೀಮು.

ಟ್ಯೂಬಿನ ಮೇಲೆ ಓದಬೇಕಾದ್ದು

ಎಲ್ಲಾ ಇಂಗ್ಲಿಷಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತೆ. ಮಕ್ಕಳ ಕೈಲಿ ಓದಿಸಿ. ಮೂರು ಸಂಗತಿ ನೋಡಿ.

ಒಂದು, ಎಸ್‌ಪಿಎಫ್ ಅಂತ ಮೂರಕ್ಷರ, ಪಕ್ಕದಲ್ಲೊಂದು ಅಂಕಿ. ಇದು ಯುವಿ-ಬಿ ತಡೆಯೋ ಲೆಕ್ಕ. 15 ಇದ್ದರೆ ನೂರಕ್ಕೆ ಸುಮಾರು 93 ಪಾಲು ತಡೆಯುತ್ತೆ, 30 ಇದ್ದರೆ 97, 50 ಇದ್ದರೆ 98. ಮೂವತ್ತರಿಂದ ಐವತ್ತಕ್ಕೆ ಹೋದರೆ ಒಂದೇ ಪಾಲು ಹೆಚ್ಚು. ಆದ್ದರಿಂದ ದೊಡ್ಡ ಅಂಕಿಗೆ ದುಪ್ಪಟ್ಟು ದುಡ್ಡು ಸುರಿಯೋದು ಬೇಡ. ಮೂವತ್ತಕ್ಕಿಂತ ಕೆಳಗಿಳಿಯೋದೂ ಬೇಡ.

ಎರಡು, ಪಿಎ ಅಂತ ಬರೆದು ಪಕ್ಕದಲ್ಲಿ ಕೂಡೋ ಗುರುತು. ಇದು ಯುವಿ-ಎ ಲೆಕ್ಕ. ಗುರುತು ಮೂರು ಅಥವಾ ನಾಲ್ಕು ಇರಲಿ. ಇಲ್ಲವೇ "ಬ್ರಾಡ್ ಸ್ಪೆಕ್ಟ್ರಂ" ಅಂತ ಇರಲಿ, ಅಂದರೆ ಎರಡೂ ಕಿರಣಕ್ಕೆ ಆಗುತ್ತೆ ಅಂತ. ಬಂಗು ಇರೋರು ಇದನ್ನು ತಪ್ಪದೇ ನೋಡಬೇಕು.

ಮೂರು, "ವಾಟರ್ ರೆಸಿಸ್ಟೆಂಟ್". ಬೆವರಿಗೆ ಬೇಗ ಇಳಿದು ಹೋಗಲ್ಲ ಅಂತ ಅರ್ಥ. ಆಫೀಸಿನವರಿಗೆ ಇದು ಇಲ್ಲದಿದ್ದರೂ ನಡೆಯುತ್ತೆ, ನಮಗೆ ನಡೆಯಲ್ಲ.

ಮುಖದ ಮಣ್ಣು ಪರೀಕ್ಷೆ

ಬೆಳಗ್ಗೆ ಮುಖ ತೊಳೆದು ಒರೆಸಿ, ಏನೂ ಹಚ್ಚದೆ ಒಂದು ಗಂಟೆ ನೆರಳಲ್ಲಿರಿ. ಆಮೇಲೆ ಮುಟ್ಟಿ ನೋಡಿ.

ಹಣೆ, ಮೂಗು, ಕೆನ್ನೆ ಎಲ್ಲಾ ಜಿಡ್ಡು ಹೊಳೀತಿದ್ದರೆ ಎಣ್ಣೆ ಚರ್ಮ. ನೀರು ಬಸಿಯದ ಎರೆ ನೆಲದ ಹಾಗೆ. ಇದಕ್ಕೆ ದಪ್ಪ ಕ್ರೀಮು ಹಚ್ಚಿದರೆ ರಂಧ್ರ ಕಟ್ಟಿ ಮೊಡವೆ ಏಳುತ್ತೆ. ಜೆಲ್ ಅಂತ ಬರೋ ತೆಳು ಜಾತಿ ತಗೊಳ್ಳಿ. "ನಾನ್ ಕೊಮಿಡೋಜೆನಿಕ್" ಅಂದರೆ ರಂಧ್ರ ಕಟ್ಟಲ್ಲ ಅಂತ.

ಮುಖ ಬಿಗೀತಿದ್ದರೆ, ಬಿಳಿ ಹೊಟ್ಟು ಏಳ್ತಿದ್ದರೆ ಒಣ ಚರ್ಮ. ತೇವ ನಿಲ್ಲದ ಮಸಾರಿ. ಇದಕ್ಕೆ ಜೆಲ್ ಹಚ್ಚಿದರೆ ಇನ್ನೂ ಬಿಗಿಯಬಹುದು. ಕ್ರೀಮು ಅಥವಾ ಲೋಶನ್ ತಗೊಳ್ಳಿ.

ಹಣೆ ಮೂಗು ಜಿಡ್ಡು, ಕೆನ್ನೆ ಒಣ ಇದ್ದರೆ ಮಿಶ್ರ. ತೆಳು ಲೋಶನ್ ಸಾಕು.

ಏನು ಹಚ್ಚಿದರೂ ಕೆಂಪಾಗಿ ನವೆ ಬರೋದಾದರೆ ಸೂಕ್ಷ್ಮ ಚರ್ಮ. ಅಂಥವರು ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರೋದು, ವಾಸನೆ ಹಾಕದ್ದು ಹುಡುಕಬೇಕು. ಇವು ಖನಿಜ ಜಾತಿ, ಚರ್ಮಕ್ಕೆ ಕಿರಿಕಿರಿ ಕಡಿಮೆ. ಕೆಲವು ರಾಸಾಯನಿಕ ಜಾತಿಯವು ಬೆವರಿನ ಜೊತೆ ಇಳಿದು ಕಣ್ಣು ಉರಿಸುತ್ತವೆ, ಕುಂಟೆ ಹೊಡೆಯುವಾಗ ಕಣ್ಣುರಿದರೆ ಕಷ್ಟ. ಖನಿಜದ್ದಕ್ಕೆ ಒಂದು ಕೊರತೆ ಇದೆ: ನಮ್ಮ ಬಣ್ಣದ ಮೇಲೆ ವಿಭೂತಿ ಬಳಿದಂಗೆ ಕಾಣುತ್ತೆ. ಕಂದು ಬಣ್ಣ ಬೆರೆಸಿದ್ದೂ ಸಿಗುತ್ತೆ. ಆ ಬಣ್ಣ ಕೊಡೋದು ಐರನ್ ಆಕ್ಸೈಡ್. ಕಣ್ಣಿಗೆ ಕಾಣೋ ಬೆಳಕೂ ಬಂಗು ಏರಿಸುತ್ತೆ, ಅದನ್ನು ಐರನ್ ಆಕ್ಸೈಡ್ ಒಂದಷ್ಟು ತಡೆಯುತ್ತೆ. ಹಾಗಾಗಿ ಬಂಗು ಇರೋರಿಗೆ ಬಣ್ಣದ್ದೇ ಒಳ್ಳೇದು.

ಯಾವುದೇ ಆಗಲಿ, ಹೊಸ ತಳಿಯನ್ನು ಇಡೀ ಹೊಲಕ್ಕೆ ಬಿತ್ತಲ್ಲ ತಾನೆ? ಚಿಕ್ಕ ಟ್ಯೂಬು ತಂದು ಮೂರು ದಿನ ಕಿವಿಯ ಹಿಂದೆ ಹಚ್ಚಿ. ನವೆ, ಗುಳ್ಳೆ ಬರದಿದ್ದರೆ ಮುಖಕ್ಕೆ.

ಖರ್ಚಿನ ಲೆಕ್ಕ

ಪರೀಕ್ಷೆ ಮಾಡುವಾಗ ದಪ್ಪಗೆ ಹಚ್ಚಿ ಎಸ್‌ಪಿಎಫ್ ಅಳೀತಾರೆ. ನಾವು ಕುಂಕುಮದಷ್ಟು ಹಚ್ಚಿದರೆ ಐವತ್ತು ಹತ್ತಾಗುತ್ತೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಹಿಂಡಿದರೆ ಮುಖ ಕತ್ತಿಗೆ ಸರಿಹೋಗುತ್ತೆ. ಅಂದಾಜು ಒಂದೂಕಾಲು ಗ್ರಾಂ. ಹೊಲಕ್ಕೆ ಹೊರಡೋ ಕಾಲು ಗಂಟೆ ಮುಂಚೆ ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿಕೊಂಡ ಮೇಲೂ ಹಚ್ಚಬೇಕು. ದಿನಕ್ಕೆ ಮೂರೇ ಸಲ ಅಂದರೂ ಸುಮಾರು ನಾಲ್ಕು ಗ್ರಾಂ. ಐವತ್ತು ಗ್ರಾಮಿನ ಟ್ಯೂಬು ಎರಡು ವಾರ ಬರಲ್ಲ. ಟ್ಯೂಬಿಗೆ 400 ರೂಪಾಯಿ ಹಿಡಿದರೆ ದಿನಕ್ಕೆ 30 ರೂಪಾಯಿ. ಮನೆಯಲ್ಲಿ ಇಬ್ಬರು ಹಚ್ಚಿದರೆ 60.

ಈ ಖರ್ಚು ನಮಗೆ ಎಲ್ಲಾ ದಿನ ಆಗಲ್ಲ. ಅದಕ್ಕೇ ಬಟ್ಟೆ ಮೊದಲು ಅಂದದ್ದು. ಮುಖ ಮುಚ್ಚಿಕೊಂಡು ಮಾಡೋಕೆ ಆಗದ ಕೆಲಸದ ದಿನ, ಬಂಗು ಇರೋರು, ಚರ್ಮಕ್ಕೆ ಬಿಸಿಲು ಆಗದವರು ಹಚ್ಚಲಿ. ಮಿಕ್ಕವರು ಟವಲು ಬಿಗಿಯಾಗಿ ಸುತ್ತಲಿ. ಟ್ಯೂಬನ್ನು ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಕಾಯಿಸಬೇಡಿ, ಕೆಡುತ್ತೆ. ತಾರೀಖು ಮುಗಿದದ್ದು ಬೇಡ. ಆರು ತಿಂಗಳೊಳಗಿನ ಕೂಸಿಗೆ ಹಚ್ಚಬೇಡಿ, ನೆರಳಲ್ಲಿ ಮಲಗಿಸಿ.

ಔಷಧಿ ಹೊಡೆಯೋ ದಿನ ಬೇಡ

ಇದನ್ನು ಟ್ಯೂಬಿನ ಮೇಲೆ ಬರೆದಿರಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಇಲಿಯ ಚರ್ಮದ ಮೇಲೆ ಪರೀಕ್ಷೆ ಮಾಡಿದರು. ಕೆಲವು ಸನ್‌ಸ್ಕ್ರೀನ್ ಹಚ್ಚಿದ ಚರ್ಮದ ಮೂಲಕ 2,4-ಡಿ ಕಳೆನಾಶಕ ಹೆಚ್ಚಾಗಿ ಒಳಗಿಳಿಯಿತು. ಜೋಳ, ಮೆಕ್ಕೆಜೋಳಕ್ಕೆ ನಮ್ಮಲ್ಲೂ ಹೊಡೆಯೋ ಅದೇ 2,4-ಡಿ. ಹಾಗಾಗಿ ಸಿಂಪರಣೆ ದಿನ ಬಟ್ಟೆ, ಮಾಸ್ಕು, ಕನ್ನಡಕ ಮಾತ್ರ. ಬೆಳಗಿನ ತಂಪಲ್ಲಿ ಹೊಡೆದು, ಸೋಪು ಹಾಕಿ ತೊಳೆದುಕೊಂಡ ಮೇಲೆ ಬೇಕಾದರೆ ಕ್ರೀಮು.

ಕ್ರೀಮಿಗೆ ಬಗ್ಗದ ಕಾಯಿಲೆಗಳು

ಮುಖ, ಕತ್ತು ಕಪ್ಪಾದದ್ದೆಲ್ಲಾ ಬಿಸಿಲಿನ ತಪ್ಪಲ್ಲ. 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಂಡ ಕಾಂಗ್ರೆಸ್ ಕಳೆ ಈಗ ಎಲ್ಲಾ ಬದುವಿನಲ್ಲೂ ಇದೆ. ಅದರ ಒಣ ಪುಡಿ ಗಾಳಿಯಲ್ಲಿ ಹಾರಿ ರೆಪ್ಪೆ, ಕತ್ತು, ಮೊಳಕೈ ಒಳಬದಿಯಲ್ಲಿ ನವೆ, ದಪ್ಪ ಚರ್ಮ ತರುತ್ತೆ. ನೋಡೋಕೆ ಬಿಸಿಲ ಅಲರ್ಜಿ ಹಾಗೇ. ಕಳೆಯನ್ನು ಹೂವಿಗೆ ಬರೋ ಮುಂಚೆ, ಕೈಗೆ ಬಟ್ಟೆ ಸುತ್ತಿ ಕೀಳದೆ ಎಷ್ಟು ಟ್ಯೂಬು ಹಚ್ಚಿದರೂ ದಂಡ.

ಇನ್ನೊಂದು ಪೆಲ್ಲಾಗ್ರ. ಕೈಮೇಲೆ, ಕತ್ತಿನ ಸುತ್ತ ಹಾರ ಹಾಕಿದಂತೆ ಚರ್ಮ ಕರಕಲಾಗುತ್ತೆ, ಭೇದಿಯೂ ಆಗಬಹುದು. ನಯಾಸಿನ್ ಅನ್ನೋ ಬಿ ಜೀವಸತ್ವದ ಕೊರತೆ. ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಬರೀ ಜೋಳ ಉಂಡು ಬದುಕೋ ಬಡವರಲ್ಲಿ ಇದನ್ನು ಅಭ್ಯಾಸ ಮಾಡಿದ್ದರು. ಕುಡಿತದ ಚಟ ಇರೋರಿಗೂ ಬರುತ್ತೆ. ಇದಕ್ಕೆ ಮದ್ದು ಡಾಕ್ಟರ ಮಾತ್ರೆ, ಮತ್ತೆ ರೊಟ್ಟಿಯ ಜೊತೆ ಬೇಳೆ, ಶೇಂಗಾ.

ಇಲಿಜ್ವರಕ್ಕೆ ಕೊಡೋ ಡಾಕ್ಸಿಸೈಕ್ಲಿನ್, ಬಿ.ಪಿ.ಗೆ ಕೊಡೋ ಕೆಲವು ಮಾತ್ರೆ ನುಂಗುವಾಗ ಚರ್ಮ ಬೇಗ ಸುಡುತ್ತೆ. ಮಾತ್ರೆ ಬಿಡಬೇಡಿ, ಡಾಕ್ಟರನ್ನು ಕೇಳಿ. ಮುಖಕ್ಕೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಗುಳ್ಳೆ ಏಳಬಹುದು.

ಬೆಳ್ಳಗಾಗೋ ಕ್ರೀಮು ಬೇರೆ

ಅಂಗಡಿಗೆ ಹೋಗಿ "ಬಂಗಿಗೆ ಏನಾದ್ರೂ ಕೊಡಿ" ಅಂದರೆ ಕೈಗೆ ಬರೋದು ಅನೇಕ ಸಲ ಸ್ಟೆರಾಯ್ಡ್ ಬೆರೆಸಿದ ಟ್ಯೂಬು. ಮೊದಲು ಬೆಳ್ಳಗೆ ಕಾಣುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆ ಹಾಗೆ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಹೆಣ್ಮಕ್ಕಳ ಗಲ್ಲಕ್ಕೆ ಕೂದಲು ಬರುತ್ತೆ. ಆಮೇಲೆ ಬಿಸಿಲು ಸ್ವಲ್ಪವೂ ತಡೆಯಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೆರಾಯ್ಡ್ ಮುಲಾಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಇಲ್ಲದೆ ಕೊಟ್ಟರೂ ನಾವು ಕೊಳ್ಳಬಾರದು. ಬಂಗಿಗೆ ಚರ್ಮದ ಡಾಕ್ಟರು ಜಿಲ್ಲಾ ಆಸ್ಪತ್ರೆಯಲ್ಲಿ ಸಿಗ್ತಾರೆ.

ನಾವು ಕೇಳಬೇಕಾದ್ದು

ನಮ್ಮ ದೇಶದ ಕಾನೂನಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕ, ಪೌಡರು ಲಿಪ್‌ಸ್ಟಿಕ್ಕಿನ ಸಾಲಿನದು. ಆಸ್ಟ್ರೇಲಿಯಾದಲ್ಲಿ ಬಿಸಿಲಲ್ಲಿ ದುಡಿಯೋರು ಕೆಲಸಕ್ಕೆ ಅಂತ ಕೊಂಡ ಸನ್‌ಸ್ಕ್ರೀನಿನ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಅಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚು, ಅದಕ್ಕೆ ಹಾಗೆ. ನಮಗೆ ಅಷ್ಟು ಬೇಡ. ಆದರೆ ಕೀಟನಾಶಕದ ಜೊತೆ ಸ್ಥಳೀಯ ಭಾಷೆಯ ಚೀಟಿ ಇಡಬೇಕು ಅಂತ ನಿಯಮ ಇದೆಯಲ್ಲ, ಅದೇ ಥರ ಈ ಟ್ಯೂಬಿಗೂ ಕನ್ನಡ ಚೀಟಿ ಬರಲಿ. ವಾಸನೆ, ಬಣ್ಣದ ಡಬ್ಬಿ, ಸಿನಿಮಾ ತಾರೆಯರ ಖರ್ಚು ಬಿಟ್ಟು, ಬರೀ ಜಿಂಕ್ ಆಕ್ಸೈಡಿನ ಸಾದಾ ಕ್ರೀಮನ್ನು ಅರ್ಧ ಕಿಲೋ ಡಬ್ಬಿಯಲ್ಲಿ ಕೊಟ್ಟರೆ ಸ್ತ್ರೀಶಕ್ತಿ ಸಂಘದವರು ಸೇರಿ ಕೊಂಡು ಹಂಚಿಕೊಳ್ಳಬಹುದು. ರೈತ ಉತ್ಪಾದಕ ಕಂಪನಿಗಳು ಬೀಜ ಗೊಬ್ಬರದ ಜೊತೆ ಇದನ್ನೂ ತರಿಸಲಿ. ಕೂಲಿಗೆ ಕರೆಯೋ ನಾವು ನೀರು, ನೆರಳು ಕೊಡೋ ಹಾಗೆ ಟವಲು ಸುತ್ತಿಕೊಳ್ಳೋಕೂ ಪುರುಸೊತ್ತು ಕೊಡೋಣ, ನಡುಹಗಲಿನ ಎರಡು ಗಂಟೆ ಬಿಡೋಣ.

ಹಚ್ಚಿಕೊಂಡವರನ್ನು ನೋಡಿ ನಗೋದನ್ನ ಈ ಮುಂಗಾರಿಂದಲೇ ನಿಲ್ಲಿಸಬಹುದು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.