ಬೆಟ್ಟಕ್ಕೂ ರಸ್ತೆಗೂ ನಡುವೆ ಎರಡು ಹೊಲ

ಐರ್ಲೆಂಡಿನ ಅತಿ ಎತ್ತರದ ಶಿಖರ ಕ್ಯಾರಂಟೂಹಿಲ್. ಕೆರ್ರಿ ಕೌಂಟಿಯಲ್ಲಿರುವ ಈ 1,038 ಮೀಟರ್ ಎತ್ತರದ ಬೆಟ್ಟ ಸರ್ಕಾರದ್ದಲ್ಲ, ಖಾಸಗಿ ಸ್ವತ್ತು. ವರ್ಷವಿಡೀ ಸಾವಿರಾರು ಜನ ಹತ್ತಿಳಿಯುತ್ತಾರೆ. ಹಾಗೆ ಹತ್ತುವ ಹಕ್ಕು ಇದೆಯೇ ಅಂದರೆ, ಇಲ್ಲ. ರೈತರು ಬೇಡ ಅನ್ನುವುದಿಲ್ಲ, ಅಷ್ಟೆ.

ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಬಂದ ಮೇಲೆ ಬೆಟ್ಟಬಯಲಲ್ಲಿ ಜವಾಬ್ದಾರಿಯಿಂದ ಓಡಾಡುವುದು ಎಲ್ಲರ ಹಕ್ಕಾಯಿತು. ಐರ್ಲೆಂಡ್ ಆ ಗೋಜಿಗೇ ಹೋಗಲಿಲ್ಲ. ಅದಕ್ಕೆ ಕಾರಣ ಚರಿತ್ರೆಯಲ್ಲಿದೆ. ಜಮೀನ್ದಾರರ ಕೆಳಗೆ ನವೆದ ಗೇಣಿದಾರರು 1879ರಲ್ಲಿ ಲ್ಯಾಂಡ್ ಲೀಗ್ ಎಂಬ ಸಂಘ ಕಟ್ಟಿ ಬಡಿದಾಡಿ, 1903ರ ಭೂ ಖರೀದಿ ಕಾಯ್ದೆಯ ನಂತರ ವರ್ಷಗಟ್ಟಲೆ ಕಂತು ತುಂಬಿ ತಮ್ಮದಾಗಿಸಿಕೊಂಡ ನೆಲ ಅದು. ಅಲ್ಲಿ ಡಬ್ಲಿನ್ನಿನ ವಾರಾಂತ್ಯದ ಚಾರಣಿಗ ಬಂದು ‘ಇದು ನನ್ನ ಹಕ್ಕು’ ಎಂದರೆ ಆ ಗೇಣಿದಾರನ ಮರಿಮಗನಿಗೆ ಮೈ ಉರಿಯದೆ ಇದ್ದೀತೆ?

ನಿಜವಾದ ತೊಡಕು ಬೆಟ್ಟದ್ದಲ್ಲ. ಮೇಲಿನ ನೆಲ ಬಹಳ ಕಡೆ ಹಲವು ರೈತರ ಜಂಟಿ ಹುಲ್ಲುಗಾವಲು. ಬೆನ್ನ ಮೇಲೆ ಕೆಂಪು, ನೀಲಿ ಬಣ್ಣದ ಗುರುತು ಬಳಿದ ಕುರಿಗಳು ಮೇಯುತ್ತಿರುತ್ತವೆ. ನಡೆಯುವವರನ್ನು ತಡೆಯುವವರು ಕಡಿಮೆ. ತೊಡಕಿರುವುದು ಡಾಂಬರು ರಸ್ತೆಯಿಂದ ಅಲ್ಲಿಗೆ ತಲುಪಲು ದಾಟಬೇಕಾದ ಎರಡು ಹೊಲಗಳಲ್ಲಿ. ಪ್ಲಾಸ್ಟಿಕ್ ಹುರಿ ಸುತ್ತಿದ ಕಬ್ಬಿಣದ ಗೇಟು, ಪಕ್ಕದಲ್ಲಿ ‘ನಾಯಿ ತರಬೇಡಿ’ ಎಂಬ ಬೋರ್ಡು. ಸರ್ವೆ ನಕ್ಷೆಯಲ್ಲಿ ಅಲ್ಲೊಂದು ಕಾಲುದಾರಿ ಇದ್ದೀತು. ಗೆರೆ ಎಳೆದ ಮಾತ್ರಕ್ಕೆ ನಡೆಯುವ ಹಕ್ಕಿದೆ ಎಂದಲ್ಲ ಅಂತ ಅದೇ ನಕ್ಷೆ ಎಚ್ಚರಿಸುತ್ತದೆ. ಯಾವ ಗೇಟು ತೆರೆಯಬಹುದು ಎಂಬುದು ಊರವರಿಗೆ ಗೊತ್ತು. ಹೊರಗಿನವರು ತೋಟದ ಮನೆಯ ಬಾಗಿಲು ತಟ್ಟಿ ಕೇಳಬೇಕು.

ಹಾಗಾದರೆ ಇಂಥ ಗೇಟುಗಳ ಪಟ್ಟಿ ಮಾಡಿ ಎಲ್ಲರಿಗೂ ತಿಳಿಸಬಾರದೇ? ಅಲ್ಲೇ ಕಾನೂನು ಕಾಲಿಗೆ ತೊಡರುವುದು. ಸ್ಲೈಗೋದ ಲಿಸಡೆಲ್ ಬಂಗಲೆಯ ದಾರಿಗಳ ಮೊಕದ್ದಮೆಯಲ್ಲಿ 2013ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್ ಬಹುಪಾಲು ದಾರಿಗಳ ಮೇಲೆ ಸಾರ್ವಜನಿಕರಿಗೆ ಹಕ್ಕಿಲ್ಲ ಎಂದಿತು. ತಲೆಮಾರುಗಳಿಂದ ಓಡಾಡಿದ್ದೇವೆ ಎಂದರೆ ಸಾಲದು, ಒಡೆಯ ದಾರಿಯನ್ನು ಜನರಿಗೆ ಬಿಟ್ಟುಕೊಟ್ಟಿದ್ದ ಎಂಬುದು ರುಜುವಾತಾಗಬೇಕು. ಅಂದರೆ ಒಡೆಯ ಸುಮ್ಮನಿದ್ದದ್ದು ಅವನ ದೊಡ್ಡತನ, ಅದರಿಂದ ನಮಗೆ ಹಕ್ಕು ಹುಟ್ಟದು. ಇಷ್ಟಾದರೂ ರೈತನ ಅಂಜಿಕೆ ಹೋಗಿಲ್ಲ. ಇವತ್ತು ಬಾಣದ ಗುರುತು ನೆಡಲು ಬಿಟ್ಟರೆ ನಾಳೆ ಅದೇ ಹಕ್ಕಾದರೆ? ಯಾರೋ ಜಾರಿ ಬಿದ್ದು ಪರಿಹಾರ ಕೇಳಿದರೆ? 1995ರ ಕಾಯ್ದೆ ಚಾರಣಿಗರ ವಿಷಯದಲ್ಲಿ ಭೂಮಾಲೀಕನ ಹೊಣೆಯನ್ನು ಬಹಳವೇ ತಗ್ಗಿಸಿದೆ. ವಿಕ್ಲೋ ಬೆಟ್ಟದ ಹಲಗೆ ಹಾದಿಯಲ್ಲಿ ಎಡವಿ ಬಿದ್ದವರೊಬ್ಬರಿಗೆ ಕೆಳಗಿನ ಕೋರ್ಟು ಕೊಡಿಸಿದ್ದ 40,000 ಯೂರೋ ಪರಿಹಾರವನ್ನು 2017ರಲ್ಲಿ ಹೈಕೋರ್ಟು ರದ್ದುಪಡಿಸಿತು. ಆದರೆ ಊರ ಬಾಯಲ್ಲಿ ಉಳಿಯುವುದು ಯಾವಾಗಲೂ ಮೊದಲ ಸುದ್ದಿಯೇ.

2008ರಲ್ಲಿ ಸರ್ಕಾರ ‘ವಾಕ್ಸ್ ಸ್ಕೀಮ್’ ತಂದಿತು. ಗೊತ್ತುಪಡಿಸಿದ ಹಾದಿಗಳನ್ನು ಸವರಿ ಸರಿಯಾಗಿಟ್ಟುಕೊಳ್ಳುವ ರೈತನಿಗೆ ಅದರಲ್ಲಿ ದುಡ್ಡು ಸಿಗುತ್ತದೆ. ಅದು ಮಾಡಿದ ಕೆಲಸದ ಕೂಲಿಯೇ ಹೊರತು ದಾರಿ ಬಿಟ್ಟದ್ದಕ್ಕಲ್ಲ. ಇದು ನನಗೆ ಜಿಪುಣತನವಾಗಿ ಕಾಣುತ್ತದೆ. ಇಡೀ ಬೆಟ್ಟಕ್ಕೆ ಕಾನೂನು ಮಾಡಹೊರಟರೆ ಹಳೆಯ ಗಾಯ ಕೆದಕಿದಂತೆ. ಅದರ ಬದಲು ಸರ್ಕಾರ ಆ ಎರಡು ಹೊಲಗಳ ಅಂಚಿನ ಪಟ್ಟಿಯನ್ನಷ್ಟೇ ‘ಇದರಿಂದ ಹಕ್ಕು ಹುಟ್ಟದು’ ಎಂದು ಬರೆದುಕೊಟ್ಟು ಗುತ್ತಿಗೆಗೆ ಪಡೆಯಲಿ, ವರ್ಷವರ್ಷ ಬಾಡಿಗೆ ಕೊಡಲಿ. ರಸ್ತೆ ಬದಿಯಲ್ಲಿ ನಾಲ್ಕು ಕಾರು ನಿಲ್ಲುವಷ್ಟು ಜಾಗಕ್ಕೂ ಬಾಡಿಗೆ ಸೇರಿಸಲಿ. ಟ್ರ್ಯಾಕ್ಟರು ಹೊರಬರುವ ಗೇಟಿಗೇ ಅಡ್ಡ ಕಾರು ನಿಲ್ಲಿಸಿ ಬೆಟ್ಟ ಹತ್ತಿ ಹೋದವನನ್ನು ಸಂಜೆಯವರೆಗೆ ಕಾದು ಕೂತ ರೈತನಿಂದ ಮಾರನೆಯ ದಿನ ಯಾವ ಔದಾರ್ಯವನ್ನೂ ನಿರೀಕ್ಷಿಸುವಂತಿಲ್ಲ.