ಹಾಲು ತರಲು ಹೋದ ಹುಡುಗ



ಕಳೆದ ತಿಂಗಳು ಗವಿಪುರಂನ ನಮ್ಮ ಬೀದಿಯ ತಾಯಿಯೊಬ್ಬರು ಹದಿನಾಲ್ಕರ ಮಗನನ್ನು ಎಳೆದುಕೊಂಡು ನಮ್ಮ ಮನೆಗೆ ಬಂದರು. "ಆಪಾ, ಇವನಿಗೆ ನೀವೇ ಬುದ್ಧಿ ಹೇಳಿ. ನೆಂಟರು ಬಂದಿದ್ದಾರೆ, ಹಾಲು ತಾ ಎಂದು ಕಳಿಸಿದರೆ ಒಂದು ಗಂಟೆ ಬಿಟ್ಟು ಬರಿಗೈಯಲ್ಲಿ ಬಂದ. ಎಲ್ಲರೆದುರೇ ಎರಡು ಬಾರಿಸಿದೆ" ಎಂದರು.

ಹುಡುಗನನ್ನು ಕೂರಿಸಿ ಕೇಳಿದೆ. ಹಿಂದಿನ ಬೀದಿಯ ಅಜ್ಜಿಯೊಬ್ಬರು ಅಕ್ಕಿ ಚೀಲ ಹೊರಲಾಗದೆ ನಿಂತಿದ್ದರಂತೆ. ಮನೆಗೆ ಮುಟ್ಟಿಸಿದ. ಅಲ್ಲಿ ಗ್ಯಾಸ್ ಮುಗಿದಿತ್ತು, ಸಿಲಿಂಡರ್ ಬದಲಿಸಿಕೊಟ್ಟ. ಅಂಗಡಿಗೆ ಬರುವಾಗ ಹಾಲೇ ಖಾಲಿ! "ಮನೆಯಲ್ಲಿ ಹೇಳಲಿಲ್ಲವೇ?" ಎಂದೆ. "ಅಮ್ಮಿ ಕೇಳಲೇ ಇಲ್ಲ" ಎಂದ. ತಾಯಿಯ ಮುಖ ಬಾಡಿತು.

ನನಗೆ ಮಾಲ್ಗುಡಿಯ ಸ್ವಾಮಿ ನೆನಪಾದ. ಆರ್.ಕೆ. ನಾರಾಯಣ್ 1930ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬರೆಯಲು ತೊಡಗಿದ ಕಾದಂಬರಿಯ ಹುಡುಗ ಇವನು. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಸ್ಟರ್ ಮಂಜುನಾಥ್ ಸ್ವಾಮಿಯಾದರೆ ಗಿರೀಶ್ ಕಾರ್ನಾಡ್ ತಂದೆ. ಹುಲಿಯನ್ನು ಎದುರಿಸಿದ ಬಾಲಕನ ಸುದ್ದಿ ಓದಿದ ತಂದೆ, ಧೈರ್ಯ ಕಲಿಯಲಿ ಎಂದು ಮಗನನ್ನು ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾರೆ. ಹೆದರಿದ ಹುಡುಗ ಕತ್ತಲಲ್ಲಿ ಕಂಡ ಕಾಲನ್ನು ಕಚ್ಚುತ್ತಾನೆ. ಅದು ಕಳ್ಳನ ಕಾಲು! ಬೆಳಗಾಗುವಷ್ಟರಲ್ಲಿ ಸ್ವಾಮಿ ಊರಿನ ವೀರ. ಮರುರಾತ್ರಿ ನೋಡಿದರೆ ವೀರ ಮತ್ತೆ ಅಜ್ಜಿಯ ಪಕ್ಕದಲ್ಲಿ! ನಾವು ನಗುತ್ತೇವೆ. ಆದರೆ ಅಲ್ಲಿಯೂ 'ನಿನಗೆ ಹೆದರಿಕೆಯೇ, ಮಗನೇ?' ಎಂದು ಯಾರೂ ಮನಸ್ಸಿಟ್ಟು ಕೇಳಲಿಲ್ಲ.

ಹಝ್ರತ್ ಅನಸ್(ರ) ಸುಮಾರು ಹತ್ತರ ವಯಸ್ಸಿನಲ್ಲಿ ಪ್ರವಾದಿ(ಸ)ಯವರ ಸೇವೆಗೆ ಸೇರಿದರು. ಹತ್ತು ವರ್ಷಗಳಲ್ಲಿ ಒಮ್ಮೆಯೂ 'ಛೆ' ಎಂಬ ಮಾತು ಕೇಳಲಿಲ್ಲ. ಒಂದು ದಿನ ಪ್ರವಾದಿ(ಸ)ಯವರು ಕೆಲಸಕ್ಕೆ ಕಳಿಸಿದಾಗ ಬಾಯಲ್ಲಿ 'ಹೋಗಲಾರೆ' ಎಂದರೂ ಮನಸ್ಸಿನಲ್ಲಿ ಹೋಗುವ ನಿಯ್ಯತ್ ಇತ್ತು. ಸಂತೆಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಬಳಿ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತು ಹಿಡಿದರು. ತಿರುಗಿದರೆ ನಗುತ್ತಿದ್ದ ಪ್ರವಾದಿ(ಸ)! ಮುದ್ದಿನ ಹೆಸರಿನಿಂದ ಕರೆದು, ಹೇಳಿದ ಕಡೆಗೆ ಹೋದೆಯಾ ಎಂದು ಕೇಳಿದರು. 'ಇಗೋ ಹೊರಟೆ' ಎಂದರು ಅನಸ್. ಕೆಲಸ ನೆನಪಿಸಿದ್ದೂ ಆಯಿತು, ಹುಡುಗನ ಮಾನ ಉಳಿದದ್ದೂ ಆಯಿತು.

ಸಹೋದರಿಯರೇ, ಹಾಲು ತರದಿದ್ದುದು ತಪ್ಪೇ. 'ಮೊದಲು ಮನೆಗೆ ಹೇಳಿ ಹೋಗಬೇಕು' ಎಂದು ಅವನಿಗೂ ತಿಳಿಸಿದೆ. ಆದರೆ ಹೊಡೆದ ಮೇಲೆ ಕೇಳಿದರೆ ಮಕ್ಕಳು ಉತ್ತರಿಸುವುದಿಲ್ಲ. ತರಗತಿಯಲ್ಲಿ ನಾನೂ ಮೊದಲು ಗದರಿ ಆಮೇಲೆ ಕಾರಣ ಕೇಳಿದ್ದುಂಟು. ಆ ಮಕ್ಕಳು ಮುಂದೆ ನನ್ನ ಬಳಿ ಏನನ್ನೂ ಹೇಳಿಕೊಳ್ಳಲಿಲ್ಲ. ಇಂದು ಹಾಲಿನ ವಿಷಯ ಹೇಳದವನು ನಾಳೆ ದೊಡ್ಡ ವಿಷಯವನ್ನೂ ಹೇಳಲಾರ. ಒಳ್ಳೆಯದು ಮಾಡಲು ಹೋಗಿ ಏಟು ತಿಂದವನು ಇನ್ನೊಂದು ಸಲ ಅಜ್ಜಿಯ ಚೀಲ ಕಂಡರೆ ಮುಖ ತಿರುಗಿಸಿಯಾನು.

ಆದ್ದರಿಂದ ಮಗ ತಡವಾಗಿ ಬಂದರೆ ಕೈ ಎತ್ತುವ ಮೊದಲು 'ಏನಾಯಿತು, ಮಗನೇ?' ಎಂದು ಒಂದು ಮಾತು ಕೇಳಿ. ನೆಂಟರಿಗೆ ಅಂದು ಲಿಂಬೆ ಚಹಾ ಕೊಟ್ಟರೂ ನಡೆಯುತ್ತದೆ.

ನಮ್ಮ ಮಕ್ಕಳ ಒಳ್ಳೆಯ ನಿಯ್ಯತ್ತನ್ನು ಗುರುತಿಸುವ ಕಣ್ಣನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.